ನಮ್ಮ ದಿಣ್ಣೆಯ ಗೋಪುರ ಮತ್ತು ಏಳನೆಯ ಅಪಾಯ

ಷೇರು ಪೇಟೆಯನ್ನು ಕಾಯಲೆಂದು ಸರ್ಕಾರ ರಾಜಧಾನಿ ಬಿಷ್ಕೆಕ್‌ನಲ್ಲಿ ಕೂರಿಸಿರುವ ಮಾನ್ಯ ಅಧ್ಯಕ್ಷರೇ,

ನಿಸ್ತಂತು ಜಾಲದ ಕಂಪನಿಯೊಂದು ಸಾರ್ವಜನಿಕರಿಗೆ ಷೇರು ಮಾರಲು ತಮ್ಮ ಒಪ್ಪಿಗೆಗೆ ಕಾದಿದೆ. ಮಾರುವ ಮೊದಲು, ಈ ಡಿಸೆಂಬರಿನಲ್ಲಿ, ನರಿನ್ ಸೀಮೆಯ ನಮ್ಮ ಹಳ್ಳಿಯ ದಿಣ್ಣೆ ಮೇಲಿನ ಮೊಬೈಲ್ ಗೋಪುರವನ್ನು ಅದು ಬಂದ್ ಮಾಡಲಿದೆ. ನನ್ನ ತಕರಾರು ಇಷ್ಟೇ. ಉಳಿದದ್ದನ್ನು ಮುದುಕನ ಹರಟೆಯೆಂದು ಬಿಟ್ಟರೂ ಬಿಡಿ.

ಕಂಪನಿಯ ಷೇರು ದಸ್ತಾವೇಜು ಇಂಗ್ಲಿಷಿನಲ್ಲಿದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಧವನ್ನು ಕುರಿಗಳ ಹಿಂದೆ ಅಲೆದು ಕಳೆದುಕೊಂಡಿದ್ದೇನೆ, ಉಳಿದರ್ಧದಲ್ಲಿ ಓದಿದೆ. 'ಕಾಂಪಿಟಿಷನ್' ಎಂಬ ಪದ ಪುಟಪುಟದಲ್ಲೂ ಇದೆ. ಹಾಗೆಂದರೆ ತೋಳಗಳ ಕಚ್ಚಾಟ ಎಂದು ನಮ್ಮ ಮೇಡಂ ಹೇಳಿಕೊಟ್ಟಿದ್ದರು. ಆಗಿನ ಸೋವಿಯತ್ ಕಾಲ ಹಾಗಿತ್ತು. ಮುಂದೆ ಅಪಾಯಗಳ ಪಟ್ಟಿ: ಎದುರಾಳಿ ಕಂಪನಿಗಳು, ಭೂಕಂಪ, ಇನ್ನೂ ಏನೇನೋ. ಏಳನೆಯದು, 'ಆದಾಯ ತಾರದ ಬೆಟ್ಟದ ಗೋಪುರಗಳು'. ಎಪ್ಪತ್ತು ದಾಟಿದ ಮೇಲೆ ನಾನೊಂದು ಅಪಾಯವಾದೆನಲ್ಲ, ಸಂತೋಷವೇ! ಸಂತೆಗೆ ಹೊಡೆದುಕೊಂಡು ಹೋಗುವ ಮುನ್ನ ನಾವೂ ಕುರಿಯ ಮೈ ತೊಳೆದು ಉಣ್ಣೆ ಬಾಚುತ್ತಿದ್ದೆವು. ಹಗುರಾಗಿ ಕಾಣಲೆಂದು ಅದರ ಕಾಲು ಕಡಿದಿದ್ದು ಮಾತ್ರ ನೆನಪಿಲ್ಲ.

ಅದೇ ದಸ್ತಾವೇಜು ಹೇಳುತ್ತದೆ, ಎಲ್ಲ ಗೋಪುರಗಳನ್ನೂ ಕಂಪನಿ 'ಸ್ವಂತ ಬಲದಿಂದ' ನಿಲ್ಲಿಸಿತಂತೆ. ಯಾರ ಬಲ, ಸ್ವಾಮಿ? ಲಾರಿ ಹತ್ತದ ದಿಣ್ಣೆಗೆ ಆ ಕಬ್ಬಿಣವನ್ನು ನಮ್ಮ ಕುದುರೆಗಳು ಹೊತ್ತವು. ಕುದುರೆ ಹತ್ತದ ಕಡೆ ನಾವು ಹೊತ್ತೆವು. ಅದು ಆಶಾರ್ ಆಗಿತ್ತು: ಕೂಲಿಯಿಲ್ಲದ ದುಡಿಮೆ, ಹೊಟ್ಟೆ ತುಂಬ ಊಟ, ಉಂಡವನು ಮುಂದೆ ನಾವು ಕರೆದಾಗ ಬರಬೇಕು. ತಾವೂ ಇದೇ ಮಣ್ಣಿನವರು, ನಾನು ಹೇಳಿಕೊಡಬೇಕೆ? ಅಡುಗೆ ನನ್ನ ಹೆಂಡತಿ ಬುರುಲ್ಚಾಳದು. ಕಂಪನಿಯ ನಿರ್ದೇಶಕರೇ ಬಂದಿದ್ದರು. ಮರ್ಯಾದೆಯ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ಅವರ ಮುಂದಿಟ್ಟೆವು.

"ಅಮ್ಮಾ, ಇಷ್ಟು ಜನಕ್ಕೆ ಕೂಲಿ ಎಷ್ಟಾಗುತ್ತೆ?" ಎಂದರು.

"ಕೂಲಿ ಮಾತಾಡಿ ಊಟ ಕೆಡಿಸ್ಬೇಡಪ್ಪ. ಕರ್ದಾಗ ಬಾ, ಸಾಕು."

"ಬರ್ತೀನಮ್ಮ, ಮರೆಯೋ ಮಾತೇ ಇಲ್ಲ," ಎನ್ನುತ್ತಾ ಪದ್ಧತಿಯಂತೆ ಆ ಕುರಿತಲೆಯ ಕಿವಿ ಕೊಯ್ದು ಪಕ್ಕದ ಮಗುವಿಗೆ ಕೊಟ್ಟರು.

ಒಂದು ಕಾಗದ ಬರೆಸಿಕೊಳ್ಳೋಣವೇ ಎಂದು ನಾನು ಅವಳ ಕಿವಿಯಲ್ಲಿ ಕೇಳಿದೆ. "ಏನ್ರೀ ನೀವು! ನಮ್ಮನೇಲಿ ತಲೆ ಉಂಡವ್ರ ಹತ್ರ ಸಹಿ ಕೇಳ್ತಾರಾ? ನಾಚಿಕೆಗೇಡು," ಎಂದಳು. ಊರೆಲ್ಲ ಅವಳ ಪರ. ಅವಳು ತೀರಿಕೊಂಡು ನಾಲ್ಕು ಚಳಿಗಾಲವಾಯಿತು. ಈ ಸುದ್ದಿಯನ್ನು ಅವಳ ಸಮಾಧಿಯ ಮುಂದೆ ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ.

ಗೋಪುರದಿಂದ ಏನು ಆದಾಯ ಎನ್ನುವಿರಾ? ಪಕ್ಕದ ಮನೆಯ ಸೈಕಾಲ್ ಅಜ್ಜಿಯ ಸೊಸೆ ಅನಾರ್ಕನ್ ಚಳಿಗಾಲ ಕಳೆಯುವುದು ಕಣಿವೆಯಾಚೆಯ ಕುರಿ ಬಿಡಾರದಲ್ಲಿ. ಹಿಂದಿನ ಸಲ ಹಿಮ ಬಿದ್ದು ದಾರಿ ಕಟ್ಟಿತ್ತು, ಇವಳಿಗೆ ಹೆರಿಗೆ ನೋವು. ಹಳ್ಳಿಯ ದಾದಿ ಫೋನಿನಲ್ಲಿ ಒಂದೊಂದಾಗಿ ಹೇಳುತ್ತಾ ಹೋದಳು, ಗಂಡ ಹಾಗೇ ಮಾಡಿದ. ಮಗು ಉಳಿಯಿತು, ತಾಯಿಯೂ ಉಳಿದಳು. ಊರು ಇಂದಿಗೂ ಆ ಹುಡುಗನನ್ನು ಆಂಟೆನಾ ಎಂದೇ ಕರೆಯುತ್ತದೆ. ಎರಡನೆಯ ಹೆರಿಗೆಗೆ ದಿನ ತುಂಬುವುದು ಜನವರಿಯಲ್ಲಿ. ಎದುರಾಳಿ ಕಂಪನಿಗಳಿಗೆ ಹೋಗಿ ಎನ್ನಬೇಡಿ. ಅವು ಪಟ್ಟಣದಾಚೆ ಕಾಲಿಟ್ಟಿಲ್ಲ.

ನಾನು ಈ ಪತ್ರ ಬರೆಯುವಾಗ ಸೈಕಾಲ್ ಬಂದು ನಿಂತಳು. "ನಿನ್ ಇಂಗ್ಲಿಷ್ನಲ್ಲೇ ಬರಿಯಣ್ಣ, ನೋವು ಪೇಟೆ ಏರಿಳಿತ ನೋಡ್ಕೊಂಡು ಬರಲ್ಲ ಅಂತ."

ಆದ್ದರಿಂದ, ಮಾನ್ಯರೇ, ಗೋಪುರ ಬಂದ್ ಮಾಡುವ ಆಜ್ಞೆ ರದ್ದಾಗುವವರೆಗೆ, ಅದನ್ನು ಹೊತ್ತವರು ಯಾರೆಂದು ಆ ದಸ್ತಾವೇಜಿನಲ್ಲಿ ಸೇರುವವರೆಗೆ, ಒಪ್ಪಿಗೆಯ ಮೊಹರು ಒತ್ತಬೇಡಿ. ಒತ್ತಲೇಬೇಕೆಂದಿದ್ದರೆ, ನಿರ್ದೇಶಕರು ತಾವೇ ಬಂದು ಕಬ್ಬಿಣ ಇಳಿಸಿಕೊಳ್ಳಲಿ. ಕುದುರೆ ಕೊಡುವುದಿಲ್ಲ, ಹೆಗಲನ್ನೂ ಕೊಡುವುದಿಲ್ಲ. ಊಟ ಮಾತ್ರ ಹಾಕುತ್ತೇವೆ. ತಲೆಯನ್ನು ಈ ಸಲವೂ ಅವರ ಮುಂದೆಯೇ ಇಡುತ್ತೇವೆ, ಎದುರಿಗೆ ಅನಾರ್ಕನ್ ಕೂತಿರುತ್ತಾಳೆ. ಉಣ್ಣಲಿ, ನೋಡೋಣ.

ಇಂತಿ,
ತಮ್ಮ ಕಡತದಲ್ಲಿ ಏಳನೆಯ ಅಪಾಯವಾಗಿರುವ
ಎಶಿಮ್‌ಕುಲ್
ನಿವೃತ್ತ ಕುರಿ ತಳಿ ತಜ್ಞ
(ಸಿಗ್ನಲ್ ಇರುವಾಗಲೇ ಕಳಿಸಿದ್ದು)