ಮರದ ಮಿಲ್ಲಿನ ಒಂಬೈನೂರು ಮೀಟರ್

ಜನವರಿ 9, ಮಧ್ಯಾಹ್ನ

ಹನ್ನೊಂದನೇ ಕಿಲೋಮೀಟರಿನಲ್ಲಿ ಮತ್ತೆ ಮುಳ್ಳು. ಹೋದ ವಾರವಷ್ಟೇ ಸವರಿದ್ದೆ. ಕತ್ತಿ ಮೊಂಡು, ಕೈಯೂ ಮೊಂಡು. ಅಲ್ಲಿನ ಕುಡಿಯುವ ನೀರಿನ ನಲ್ಲಿ ಸರಿಯಿದೆ. ಬಾಣದ ಗುರುತು ನಾಲ್ಕು ಬರೆದೆ, ಒಂದು ನದಿಯ ಕಡೆ ತಿರುಗಿಬಿಟ್ಟಿತು. ಅಳಿಸಿ ಮತ್ತೆ ಬರೆದೆ. ಸೈಕಲ್ ದಾರಿ ಸಮಿತಿಯ ನಕ್ಷೆ ನಂಬಿ ದೂರದಿಂದ ಬಂದ ಸೈಕಲ್ ಪ್ರವಾಸಿಗಳು ನೀರಿಗೆ ಬಿದ್ದರೆ ನನ್ನ ಮರ್ಯಾದೆ ಏನಾಗಬೇಕು?

ಹಳೆಯ ರೈಲು ದಾರಿ ಇದು. ಹಳಿ ಕಿತ್ತು ಎಷ್ಟೋ ವರ್ಷವಾಯಿತು. ನಮ್ಮೂರಿನಿಂದ ನನ್ನ ಹೆಂಡತಿಯ ಅಕ್ಕನ ಊರಿಗೆ ಮೂವತ್ತನಾಲ್ಕು ಕಿಲೋಮೀಟರ್, ಉದ್ದಕ್ಕೂ ಎಡಗಡೆ ನದಿ, ಒಂದೇ ಒಂದು ಮೋಟಾರಿಲ್ಲ. ಇಪ್ಪತ್ತೇಳನೇ ಕಿಲೋಮೀಟರಿನಲ್ಲಿ ಮಾತ್ರ ಮರದ ಮಿಲ್ಲಿನವನು ಬೀಗ ಹಾಕಿದ ಗೇಟು. ಅಲ್ಲಿ ಮೇಲೆ ಹತ್ತಿ, ಹೆದ್ದಾರಿಯಲ್ಲಿ ಒಂಬೈನೂರು ಮೀಟರ್ ಹೋಗಿ, ಮತ್ತೆ ಇಳಿಯಬೇಕು. ಅದಿರುವವರೆಗೂ 'ವಾಹನವಿಲ್ಲದ ದಾರಿ' ಅಂತ ನಕ್ಷೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಇವಳೂ ಬರುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬಸ್ಸು ಒರೆಸಿಕೊಂಡೇ ಹೋಗಿ ಇವಳನ್ನು ಸೈಕಲ್ ಸಮೇತ ಚರಂಡಿಗೆ ಕೆಡವಿತ್ತು. ಅವನು ನಿಲ್ಲಿಸಲೇ ಇಲ್ಲ. ನನ್ನ ಬಸ್ಸಲ್ಲ, ನಾನಾಗ ಬೇರೆ ರೂಟು. ಇವಳ ಮೊಣಕಾಲು ಆವತ್ತು ಹೋದದ್ದು ಹೋಯಿತು. ಆಮೇಲೆ ಸೈಕಲ್ ಮುಟ್ಟಿಲ್ಲ. ಇವತ್ತು ಊಟಕ್ಕೆ ಕೂತಾಗ ತಾನಾಗಿಯೇ ಬಾಯಿಬಿಟ್ಟಳು.

"ಒಂದು ಮೋಟಾರೂ ಇಲ್ದಿದ್ರೆ ಅಕ್ಕನ ಮನೆಗೆ ಸೈಕಲ್ಲಲ್ಲೇ ಬರ್ತೀನಿ. ಒಂದೂ ಅಂದ್ರೆ ಒಂದೂ."

ಮೂವತ್ತೆರಡು ವರ್ಷ ಬಸ್ಸು ಓಡಿಸಿದ್ದೇನೆ. ಇಷ್ಟು ದೊಡ್ಡ ಟಾರ್ಗೆಟ್ ಡಿಪೋದವರೂ ಕೊಟ್ಟಿರಲಿಲ್ಲ.

ಜನವರಿ 14

ಮಿಲ್ಲಿನವನನ್ನು ಕಂಡೆ. ಕಿವಿಗೆ ಪೆನ್ಸಿಲ್, ಹುಬ್ಬಿನ ಮೇಲೆಲ್ಲ ಮರದ ಹೊಟ್ಟು. ಕೆಟ್ಟವನಲ್ಲ, ಅಂಜುಬುರುಕ. ಸೈಕಲ್ ಬಂದರೆ ಹಿಂದೆಯೇ ಬೈಕ್ ಬರುತ್ತದೆ, ಬೈಕ್ ಬಂದರೆ ತನ್ನ ಹಲಗೆಗಳು ಹೋಗುತ್ತವೆ — ಇಷ್ಟೇ ಹಾಡು. ಗೇಟಿನ ಬದಲು, ಸೈಕಲ್ ದಾಟಿ ಬೈಕ್ ದಾಟದ ಹಾಗೆ ಎರಡು ಕಂಬ ನೆಟ್ಟರೆ? ಎಂದೆ. ತಲೆ ಕೆರೆದುಕೊಂಡ. ಹಾಗೆ ನೆಡುವುದಾದರೆ ನೆಡಿ ಎಂದ. ಅಳತೆ ಪಟ್ಟಿ ತರಲು ಎದ್ದವನನ್ನು ಕೂರಿಸಿದೆ. ನನ್ನ ಕಣ್ಣಳತೆಯ ಮುಂದೆ ಪಟ್ಟಿ ಯಾಕೆ? ಎರಡು ಲಾರಿಗಳ ನಡುವೆ ಬಸ್ಸು ನುಗ್ಗಿಸಿದ ಕಣ್ಣು ಇದು.

ಫೆಬ್ರವರಿ 2, ಸಂಜೆ

ಕಂಬ ನಿಂತವು! ಕಾಂಕ್ರೀಟು. ಎತ್ತಿ ದಾಟಿಸಬಾರದೆಂದು ಭುಜದೆತ್ತರ. ಒಂದು ಪಕ್ಕ ಮಿಲ್ಲಿನ ಗೋಡೆ, ಇನ್ನೊಂದು ಪಕ್ಕ ನದಿಯ ತಡೆಬೇಲಿ. ಮಿಲ್ಲಿನವನು ತನ್ನ ಬೈಕನ್ನೇ ತಂದು ನುಗ್ಗಿಸಿದ. ಸಿಕ್ಕಿಕೊಂಡಿತು. ಹೊರಗೆಳೆಯಲು ಮೂರು ಜನ ಬೇಕಾದರು. ಅವನ ಸಂತೋಷ ನೋಡಬೇಕಿತ್ತು. ನನ್ನ ಸೈಕಲ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿತು. ಅಷ್ಟರಲ್ಲಿ ಬಂದ ಇಬ್ಬರು ಪ್ರವಾಸಿಗಳು ಚೀಲ ಬಿಚ್ಚಿ ದಾಟಿಸಿದರು. ಅದನ್ನು ದೂರು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಮಿತಿಗೆ ಫೋನ್ ಮಾಡಿದೆ. ನಕ್ಷೆ ಅಚ್ಚಿಗೆ ಹೋಗಲಿ.

ಫೆಬ್ರವರಿ 6

ಇವಳು ಸೈಕಲ್ ಹತ್ತಿ ಬಿದ್ದಳು. ನಮ್ಮ ಓಣಿಯಲ್ಲೇ. ಪೆಟ್ಟಿಲ್ಲ. ಆದರೆ ನಾನು ನಕ್ಕೆ.

ಫೆಬ್ರವರಿ 7

ಮಾತಿಲ್ಲ.

ಫೆಬ್ರವರಿ 20

ಇವತ್ತು ನೋಡಿದರೆ ಅಂಗಳದಲ್ಲಿ ಮೂರು ಚಕ್ರದ ಸೈಕಲ್! ನನಗೆ ಹೇಳದೆ ಕೇಳದೆ ಸೈಕಲ್ ಅಂಗಡಿಯವನ ಹತ್ತಿರ ಹೋಗಿ ಎರಡು ತಿಂಗಳಿಗೆ ಕೇಳಿ ತಂದಿದ್ದಾಳೆ. ಹಿಂದೆ ಎರಡು ಚಕ್ರ, ನಡುವೆ ಅಗಲ ಬುಟ್ಟಿ. ಬೀಳುವ ಪ್ರಶ್ನೆಯೇ ಇಲ್ಲ. ಎದುರುಮನೆಯಾಕೆ ಬಂದು ಇವತ್ತು ಏನು ಸೊಪ್ಪು ತಂದಿದ್ದೀರಿ ಅಂತ ಕೇಳಿದಳು. ಇವಳು ಬುಟ್ಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿ ಮಾರುತ್ತಾಳಂತೆ.

ರಾತ್ರಿ ಒಳಗಿಡೋಣವೆಂದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಒಂದು ಕದ ಕಳಚಿದರೂ ಇಲ್ಲ. ಟಾರ್ಪಾಲು ಹೊದಿಸಿ ಅಂಗಳದಲ್ಲೇ ಬಿಟ್ಟೆವು.

ಮಾರ್ಚ್ 4

ಇವಳು ನಿನ್ನೆ ಹನ್ನೆರಡು ಕಿಲೋಮೀಟರ್ ಹೊಡೆದಳು. ಕೆನ್ನೆ ಕೆಂಪು. ಮನೆಗೆ ಬಂದು ಕಾಲು ಚಾಚಿ ಕೂತು, ಅಕ್ಕನಿಗೆ ಫೋನ್ ಮಾಡಿ ಭಾನುವಾರ ಬರುತ್ತೇನೆ, ಬಸ್ಸಿಗಲ್ಲ, ಬಾಗಿಲು ತೆಗೆದಿಟ್ಟಿರು ಎಂದಳು. ಇಷ್ಟು ಜಂಬದ ಹುಡುಗಿ ಇವಳೊಳಗೆ ಇನ್ನೂ ಇದ್ದಳೆಂದು ನನಗೇ ಗೊತ್ತಿರಲಿಲ್ಲ. ಖುಷಿಯಾಯಿತು.

ನಾನು ಟೈಮ್‌ಟೇಬಲ್ ಹಾಕಿದೆ. 6.10 ಹೊರಡುವುದು, 7.25ಕ್ಕೆ ನೀರಿನ ನಲ್ಲಿಯ ಹತ್ತಿರ, ಐದು ನಿಮಿಷ ವಿರಾಮ. ಅದರ ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆದುಕೊಂಡಳು.

ಮಾರ್ಚ್ 10, ಭಾನುವಾರ, 12.50

ಮಿಲ್ಲಿನ ಹತ್ತಿರ. ಹಿಡಿಸುತ್ತಿಲ್ಲ.

ಹಿಂದಿನ ಚಕ್ರಗಳು ಕಂಬಕ್ಕೆ ಬಡಿಯುತ್ತಿವೆ. ಓರೆ ಮಾಡಿದರೆ ಬುಟ್ಟಿ ತಗಲುತ್ತದೆ. ಎತ್ತೋಣವೆಂದರೆ ಭುಜದೆತ್ತರ, ನನ್ನದು ಡ್ರೈವರನ ಸೊಂಟ. ಮಿಲ್ಲಿಗೆ ರಜೆ, ಒಂದು ನರಪಿಳ್ಳೆ ಇಲ್ಲ. ಇಪ್ಪತ್ತು ದಿನ ಆ ಸೈಕಲ್ಲಿಗೆ ಎಣ್ಣೆ ಹಾಕಿದ್ದೇನೆ, ಸೀಟು ಏರಿಸಿದ್ದೇನೆ, ಕದ ಕೂಡ ಕಳಚಿದ್ದೇನೆ — ಈ ಕಂಬ ಒಮ್ಮೆಯೂ ನೆನಪಾಗಲಿಲ್ಲ. ಬುದ್ಧಿಗೆ ಏನು ಬಡಿದಿತ್ತೋ.

ಇವಳು ಕಟ್ಟೆಯ ಮೇಲೆ ಕೂತಿದ್ದಾಳೆ. ವಾಪಸ್ಸು ಹೋಗೋಣ ಎಂದೆ. ಇಪ್ಪತ್ತೇಳು ಕಿಲೋಮೀಟರ್ ವಾಪಸ್ಸು ತುಳಿಯುವ ಶಕ್ತಿ ಆ ಮೊಣಕಾಲಿಗಿಲ್ಲ, ಇಬ್ಬರಿಗೂ ಗೊತ್ತು.

ಎದ್ದಳು. ಸೈಕಲ್ಲನ್ನು ಮೇಲಿನ ರಸ್ತೆಯ ಕಡೆ ತಿರುಗಿಸುತ್ತಿದ್ದಾಳೆ.

ಅದೇ ದಿನ, ಸಂಜೆ 6

ಇವಳ ಅಕ್ಕನ ಮನೆ. ಮುಟ್ಟಿದೆವು.

ಹೆದ್ದಾರಿಯಲ್ಲಿ ಇವಳು ಅಂಚಿಗೆ, ನಾನು ಬಲಗಡೆ ಸೈಕಲ್ ತಳ್ಳುತ್ತಾ. ಇವಳು ಮುಂದಿನ ಚಕ್ರ ಬಿಟ್ಟು ಬೇರೆಲ್ಲೂ ನೋಡುತ್ತಿಲ್ಲ. ತುಟಿ ಅಲ್ಲಾಡುತ್ತಿದೆ, ತುಳಿತ ಎಣಿಸುತ್ತಿದ್ದಾಳೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಬಸ್ಸು. ಸದ್ದಿನಲ್ಲೇ ತಿಳಿಯಿತು — ಲೇಟಾಗಿದೆ, ಟೈಮ್ ಹಿಡಿಯಲು ಒತ್ತುತ್ತಿದ್ದಾನೆ. ಒಂದು ಮೊಳ ದೂರದಲ್ಲಿ ಹೋದ. ಅಂಗಿ ಪಟಪಟ ಎಂದಿತು. ಅಷ್ಟು ವರ್ಷ ಸ್ಟೇರಿಂಗಿನ ಹಿಂದೆ ಕೂತವನು ಈ ಗಾಳಿಯನ್ನು ಒಮ್ಮೆಯೂ ಮೈಮೇಲೆ ಪಡೆದಿರಲಿಲ್ಲ. ಇವಳು ನಿಲ್ಲಿಸಲಿಲ್ಲ. ಎಣಿಸುತ್ತಲೇ ಇದ್ದಳು.

ಕೆಳಗಿಳಿದ ಮೇಲೆ ನದಿಯ ಪಕ್ಕ ಕೂತೆವು. ನೀರಿನ ಬಾಟಲಿ ಇವಳ ಕೈಗೆ ಕೊಟ್ಟೆ. ಹೇಳಿಬಿಟ್ಟೆ.

"ನಾನೂ ಹಿಂಗೇ ಹೋಗ್ತಿದ್ದೆ ಕಣೇ. ಎಷ್ಟೋ ಸಲ. ಸೈಕಲ್ಲಿನವ್ರು ಪಕ್ಕಕ್ಕೆ ಹೋಗ್ತಾರೆ ಬಿಡು ಅಂತ."

ನನ್ನ ಕಡೆ ತಿರುಗಿದಳು.

"ಆವತ್ತಿನ ಬಸ್ಸು ನಿಮ್ದಾಗಿದ್ರೆ, ನಿಲ್ಲಿಸ್ತಿದ್ರಾ?"

ನಿಲ್ಲಿಸುತ್ತಿದ್ದೆ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

"ಲೇಟಾಗಿದ್ರೆ... ಇಲ್ಲ."

ಬಾಟಲಿಯ ಮುಚ್ಚಳ ತಿರುಗಿಸಿದಳು. ಇನ್ನೆಷ್ಟು ದೂರ ಎಂದಳು. ಆರು ಎಂದೆ. ಆ ಆರು ಕಿಲೋಮೀಟರೂ ಇವಳ ಹಿಂದೆಯೇ ತುಳಿದೆ. ನಾಚಿಕೆಯಾಗಿತ್ತು ನನಗೆ, ಎದೆ ಹಗುರವೂ ಆಗಿತ್ತು. ಎರಡೂ ಒಟ್ಟಿಗೆ ಹೇಗೋ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ತಂಗಿಯನ್ನು ಸೀಟಿನಿಂದ ಇಳಿಯಲೂ ಬಿಡದೆ ತಬ್ಬಿಕೊಂಡರು. ಈಗ ಒಳಗೆ ಇವಳು ನನ್ನ ಕಣ್ಣಳತೆಯ ನಾಟಕ ಆಡಿ ತೋರಿಸುತ್ತಿದ್ದಾಳೆ — ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡಿದ್ದಾರೆ. ನಕ್ಕರೆ ನಗಲಿ. ನದಿಯ ಪಕ್ಕದ ಮಾತನ್ನು ಮಾತ್ರ ಎತ್ತಿಲ್ಲ.

ಮಾರ್ಚ್ 11, ಬೆಳಿಗ್ಗೆ 9.35

ಮತ್ತೆ ಮಿಲ್ಲು. ವಾಪಸ್ಸು ದಾರಿ. ಇವತ್ತು ಕೆಲಸವಿದೆ, ಗರಗಸದ ಸದ್ದು. ಮಿಲ್ಲಿನವನು ಮೂರು ಚಕ್ರ ನೋಡಿ ಕಿವಿಯ ಪೆನ್ಸಿಲ್ ಬೀಳುವಷ್ಟು ನಕ್ಕ. ಈ ವಾರವೇ ಒಂದು ಕಂಬ ಕಿತ್ತು ಸರಿಸೋಣ, ಈ ಸಲ ಅಳತೆ ಪಟ್ಟಿ ನಾನೇ ಹಿಡಿಯುತ್ತೇನೆ ಎಂದ. ಸದ್ಯಕ್ಕೆ ನಾಲ್ಕು ಆಳು ಕರೆದ, ಎತ್ತಿ ಆಚೆ ಇಡಲು.

"ಎತ್ತೋದೇನೂ ಬೇಡ," ಎಂದಳು ಇವಳು. ಆಮೇಲೆ ನನಗೆ, "ನೀವು ಕಂಬದ ನಡುವೆ ದಾಟಿ ಆ ಕಡೆ ನಿಂತಿರಿ. ನಾನು ರಸ್ತೇಲಿ ಬರ್ತೀನಿ. ಹಿಂದೆ ಬರ್ಬೇಡಿ."

ಬೇಡ ಎಂದೆ. ನಿನ್ನೆ ಮೇಲೆ ಹತ್ತಿದ ಕೂಡಲೇ ನಾವು ಹೋಗಬೇಕಾದ ಎಡಬದಿಯೇ ಸಿಕ್ಕಿತ್ತು. ಇವತ್ತು ಅಡ್ಡ ದಾಟಬೇಕು, ಕೊನೆಗೆ ಬಲಕ್ಕೆ ತಿರುಗಿ ಇಳಿಯಬೇಕು, ಎದುರಿನ ವಾಹನ ಬೇರೆ, ಹಿಂದಿನದು ಬೇರೆ. ಬಲಕ್ಕೆ ತಿರುಗುವಾಗ ಕೈ ಹೇಗೆ ತೋರಿಸಬೇಕು ಅಂತ ಕೇಳಿದಳು. ತೋರಿಸಿದೆ. ಒಮ್ಮೆ ಮಾಡಿ ನೋಡಿ, ಹೋದಳು.

9.43. ಆಚೆ ಕಡೆ ನಿಂತಿದ್ದೇನೆ. ನಡುವೆ ಮರಗಳು, ಕೊನೆಯ ತಿರುವು ಮಾತ್ರ ಕಾಣುತ್ತದೆ. ಲೆಕ್ಕದ ಪ್ರಕಾರ ಆರು ನಿಮಿಷ. ಎರಡು ಲಾರಿ ಹೋದವು.

9.51. ಇಲ್ಲ. ನೋಡಿಕೊಂಡು ಬರಲಾ ಎಂದ ಮಿಲ್ಲಿನವನು. ಬೇಡ ಎಂದೆ. ಹಿಂದೆ ಬರಬೇಡಿ ಎಂದಿದ್ದಾಳೆ. ಕೈಗೆ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

9.54. ತಿರುವಿಗೆ ಒಂದು ಬಸ್ಸು ಬಂತು. ನಿಂತಿತು. ಅಲ್ಲಿ ಸ್ಟಾಪಿಲ್ಲ. ಯಾರೂ ಇಳಿಯುತ್ತಿಲ್ಲ. ಹಾರ್ನೂ ಇಲ್ಲ, ಕಿಟಕಿಗಳಲ್ಲಿ ಬರೀ ತಲೆಗಳು. ಬಸ್ಸಿನ ಮುಂದೆ, ರಸ್ತೆಯ ನಟ್ಟನಡುವೆ, ಬಲಗೈ ನೆಟ್ಟಗೆ ಚಾಚಿಕೊಂಡು, ಅವಸರವೇ ಇಲ್ಲದೆ ತಿರುಗುತ್ತಿರುವುದು —