ಹನ್ನೊಂದನೇ ಕಾಲಂ

ಲೇ ಹರಟೆಮಲ್ಲಿ,

ಯಾವ ಮುಖ ಇಟ್ಟುಕೊಂಡು ಇದನ್ನು ನಿನಗೆ ಕಳಿಸಲಿ? ಆದರೂ ನೀನು ಹೋದ ಮೇಲೆ ಹೇಳಿಕೊಳ್ಳಲು ಈ ವೃದ್ಧಾಶ್ರಮದಲ್ಲಿ ನನಗೆ ಯಾರಿದ್ದಾರೆ?

ಕಿಟಕಿ ಪಕ್ಕದ ಮಂಚದ ಮೇಷ್ಟ್ರು ಇವತ್ತು ಬೆಳಿಗ್ಗೆ ತೀರಿಹೋದರು. ನಿನ್ನೆ ಸಂಜೆ ನನ್ನ ಕೈ ಹಿಡಿದು, "ಸಿಸ್ಟರ್, ಮಗಳಿಗೆ ಒಂದು ವಿಷಯ ಹೇಳ್ಬೇಕಿತ್ತು, ಸ್ವಲ್ಪ ಕೂತ್ಕೊಳ್ಳಿ" ಅಂದಿದ್ದರು.

"ಇನ್ನೂ ಆರು ಜನರ ಹಾಳೆ ತುಂಬಿಸ್ಬೇಕು ಮೇಷ್ಟ್ರೇ, ಬಂದೆ ಇರಿ" ಅಂದೆ.

ದಿನದ ಆರೈಕೆಯ ಹಾಳೆಯಲ್ಲಿ ಊಟ, ನೀರು, ಮಾತ್ರೆ ಅಂತ ಒಬ್ಬೊಬ್ಬರಿಗೂ ಹನ್ನೊಂದು ಕಾಲಂ, ನಿನಗೆ ಗೊತ್ತಲ್ಲ. ಅವರು ಕುಡಿದ ನೀರಿಗಿಂತ ನಾನು ಸುರಿದ ಶಾಯಿಯೇ ಹೆಚ್ಚು. ಕೊನೆಯ ಕಾಲಂ "ಮಾತುಕತೆ". ಎಲ್ಲರದಕ್ಕೂ "ಆಯಿತು" ಅಂತ ಗೀಚಿ ಬಸ್ಸು ಹತ್ತಿದೆ.

ಇವತ್ತು ಮೇಷ್ಟ್ರ ಮಗಳು ಬಂದು ಅವರ ಹಾಳೆ ಓದಿದಳು.

"ನಿನ್ನೆ ಅಪ್ಪ ನಿಮ್ಮ ಹತ್ರ ಮಾತಾಡಿದ್ರಾ? ಏನಂದ್ರು?"

"ಚೆನ್ನಾಗೇ ಇದ್ರು ಕಣಮ್ಮ."

"ಅದಲ್ಲ ಸಿಸ್ಟರ್. ಏನಂದ್ರು?"

ಅವಳ ಕೈಯಿಂದ ಹಾಳೆ ತೆಗೆದುಕೊಂಡು ಫೈಲಿಗೆ ಸೇರಿಸಿದೆ.

ನೀನು ಇಲ್ಲಿ ಸಿಸ್ಟರ್ ಆಗಿದ್ದಾಗ ನಿನ್ನ ಹಾಳೆಗಳಲ್ಲಿ ಆ ಕಾಲಂ ಸದಾ ಖಾಲಿ. ಅದನ್ನು ತುಂಬುವ ಹೊತ್ತಿನಲ್ಲಿ ನೀನು ಯಾರದೋ ಮಂಚದ ತುದಿಯಲ್ಲಿ ಕೂತು ಹರಟುತ್ತಿದ್ದೆ. ಆ ಖಾಲಿ ಹಾಳೆಗಳು ಮ್ಯಾನೇಜರ್ ಮೇಜಿಗೆ ಹೇಗೆ ಹೋದವು ಅಂತ ನೀನು ಕೊನೆಗೂ ಕೇಳಲಿಲ್ಲ. ನಿನ್ನ ಕೆಲಸ ಹೋಯಿತು, ನಾನು ಹೆಡ್ ಸಿಸ್ಟರ್ ಆದೆ.

ಮೇಷ್ಟ್ರ ಮಂಚಕ್ಕೆ ನಾಳೆ ಹೊಸಬರು ಬರುತ್ತಾರೆ. ಅವರ ಹಾಳೆ ಆಗಲೇ ಮೇಜಿನ ಮೇಲಿದೆ. ಹನ್ನೊಂದನೇ ಕಾಲಂನಲ್ಲಿ "ಆಯಿತು" ಅಂತ ಈಗಲೇ ಬರೆದಿಟ್ಟಿದ್ದೇನೆ.