ಸತ್ತ ಮಂಗ ಎತ್ತಿಸಿದವರಿಗೆ

ಮಾನ್ಯ ರೈಲ್ವೆ ಸಿಗ್ನಲ್ ವಿಭಾಗದ ಹಿರಿಯ ಅಧಿಕಾರಿಗಳೇ,

ನಿಮ್ಮ ನೌಕರ ಬೆಳ್ಳಪ್ಪ ನಿಮ್ಮ ನೋಟಿಸಿಗೆ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ಸತ್ತ ಮಂಗವೊಂದನ್ನು ಹಳಿಯಿಂದ ಎತ್ತಿಹಾಕಲು ಯಾಕೆ ತಡಮಾಡಿದೆ ಎಂದು ನೀವು ಕೇಳಿದ್ದೀರಿ. ಅವನು ಅದನ್ನು ಎತ್ತಿಹಾಕಿದ್ದರಿಂದಲೇ ತೀರ್ಥಹಳ್ಳಿ ಆಸ್ಪತ್ರೆಯಲ್ಲಿ ಮಂಗನ ಕಾಯಿಲೆಯಿಂದ ಮಲಗಿದ್ದಾನೆ. ಅವನ ಹೆಂಡತಿ ಸರೋಜ ನೋಟಿಸನ್ನು ನನ್ನ ಕೈಗಿಟ್ಟು, "ನೀವು ಕಾಲೇಜು ಮೇಷ್ಟ್ರು. ಇವರ ಭಾಷೆ ನಿಮಗೆ ಬರತ್ತೆ, ನೀವೇ ಎಂತಾದ್ರೂ ಬರೀರಿ" ಎಂದರು. ನಿಮ್ಮ ಭಾಷೆ ನನಗೂ ಬರುವುದಿಲ್ಲ. ಆದ್ದರಿಂದ ಎಲ್ಲರೂ ಓದಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಿಮ್ಮ ಯಂತ್ರಕ್ಕೊಂದು ನಮಸ್ಕಾರ. ಗಾಡಿ ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವಲ್ಲಿ ನಾಲಿಗೆಯಂಥ ಚೂಪು ಹಳಿಯೊಂದು ಇರುತ್ತದಲ್ಲ, ಮೋಟಾರು ಅದನ್ನು ಸರಿಸಿ ಪಕ್ಕದ ಹಳಿಗೆ ಒತ್ತಿ ಕೂರಿಸಬೇಕು. ಕೂರದಿದ್ದರೆ ಹಿಂದೆಲ್ಲ ಬೆಳ್ಳಪ್ಪ ಹೋಗಿ ನೋಡಿ ಹೇಳುತ್ತಿದ್ದ. ಈಗ ಮೋಟಾರು ಎಳೆಯುವ ಕರೆಂಟನ್ನು ಅಳೆದು ಯಂತ್ರವೇ ದೋಷ ಪತ್ತೆಹಚ್ಚುತ್ತದೆ. ಎಲ್ಲೋ ದೂರದ ನಿಮ್ಮ ಪರದೆಗೂ ಬೆಳ್ಳಪ್ಪನ ಮೊಬೈಲಿಗೂ ಒಟ್ಟಿಗೇ ಸುದ್ದಿ ಮುಟ್ಟಿಸುತ್ತದೆ. ನಮ್ಮೂರ ಜೋಯಿಸರು ಒಂದು ದೋಷ ಹೇಳಬೇಕಾದರೆ ಕವಡೆ, ಪಂಚಾಂಗ, ದಕ್ಷಿಣೆ ಎಲ್ಲ ಬೇಕು. ನಿಮ್ಮ ಯಂತ್ರಕ್ಕೆ ಕರೆಂಟು ಸಾಕು. ಆದರೆ ಜೋಯಿಸರ ಹಾಗೇ ಅದಕ್ಕೂ ಗೊತ್ತಿರುವ ದೋಷಗಳು ಕೆಲವೇ: ಗ್ರೀಸು ಒಣಗಿದೆ, ವೈರು ಕಡಿದಿದೆ, ಅಡಚಣೆ ಇದೆ. ಹಳಿಗಳ ನಡುವೆ ಸಿಕ್ಕಿಕೊಂಡದ್ದು ಕಲ್ಲೋ ಕಟ್ಟಿಗೆಯೋ ಯಾರದೋ ಕಾಲೋ, ಎಲ್ಲವೂ ಅಡಚಣೆಯೇ. ಜೋಯಿಸರಾದರೂ ಮನೆಗೆ ಬಂದು ಒಮ್ಮೆ ಮುಖ ನೋಡುತ್ತಾರೆ.

ನಾನು ದಿನಾ ಬೆಳಿಗ್ಗೆ ಇದೇ ಗಾಡಿಯಲ್ಲಿ ಸಾಗರಕ್ಕೆ ಹೋಗಿ ಪಾಠ ಹೇಳುವವನು. ಆ ದಿನ ನಮ್ಮ ಸಣ್ಣ ಸ್ಟೇಷನ್ನಿನ ಹೊರಗೆ (ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೂ ನೋಟಿಸು ಬಂದೀತು) ಗಾಡಿ ನಿಂತಿತು. ಕಾಡಂಚು, ಬೇಸಿಗೆ. ಬಾಗಿಲಲ್ಲಿ ನಿಂತು ನೋಡಿದರೆ ಚೂಪು ಹಳಿಯ ಸಂದಿಯಲ್ಲಿ ಒಂದು ಮಂಗ ಸತ್ತು ಬಿದ್ದಿದೆ. ನಿಮ್ಮ ಯಂತ್ರ ತಪ್ಪು ಹೇಳಲಿಲ್ಲ ಸ್ವಾಮಿ, ಸರಿಯಾಗಿಯೇ ಹೇಳಿತು. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸತ್ತ ಮಂಗನನ್ನು ಯಾರೂ ಮುಟ್ಟುವುದಿಲ್ಲ. ಅದರ ಮೈಮೇಲೆ ರಕ್ತ ಹೀರುವ ಉಣುಗುಗಳು ಹೆಣ ತಣ್ಣಗಾದದ್ದೇ ಹೊಸ ಮೈ ಹುಡುಕುತ್ತವೆ, ಜ್ವರ ಅವುಗಳ ಜೊತೆಗೇ ಬರುತ್ತದೆ. ಆರೋಗ್ಯ ಇಲಾಖೆಗೆ ಹೇಳಬೇಕು. ಅವರು ಬಂದು ಸುತ್ತ ಉಣುಗು ಸಾಯುವ ಪುಡಿ ಚೆಲ್ಲಿ, ಗವಸು ತೊಟ್ಟು ಹೆಣ ಎತ್ತಬೇಕು. ಬಾಲವಾಡಿಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಬೆಳ್ಳಪ್ಪನೂ ದೂರವೇ ನಿಂತಿದ್ದ. ಕಡುಬು ಮಾರಲು ಹೊರಟಿದ್ದ ತುಂಗಮ್ಮ ಕಿಟಕಿಯಿಂದಲೇ ಕೂಗಿದರು: "ಏಯ್ ಬೆಳ್ಳಪ್ಪ, ಮುಟ್ಬೇಡ ಮಾರಾಯ! ಆಸ್ಪತ್ರೆಯೋರಿಗೆ ಹೇಳಿದ್ಯಾ?"

"ಹೇಳಿದೀನಿ ತುಂಗಮ್ಮ, ಬರ್ತಾರಂತೆ. ಅಲ್ಲೀವರೆಗೆ ಇದು ಬಾಯಿ ಮುಚ್ಚಲ್ವಲ್ಲ!" ಎಂದು ಅವನು ಮೊಬೈಲು ತೋರಿಸಿದ. ಅದು ಅಳುವ ಕೂಸಿನ ಹಾಗೆ ಚೀರುತ್ತಿತ್ತು. ಆಮೇಲೆ ನಿಮ್ಮ ಕಚೇರಿಯ ಕರೆ ಬಂತು. ಸ್ಪೀಕರು ಹಾಕಿದ್ದರಿಂದ ಇಡೀ ಬೋಗಿ ಕೇಳಿಸಿಕೊಂಡಿತು.

"ಅಡಚಣೆ ಏನು?"

"ಮಂಗ ಸಾರ್."

"ಓಡಿಸಿ."

"ಸತ್ತೋಗಿದೆ ಸಾರ್."

"ಮತ್ತೆ? ಇನ್ನೂ ಸುಲಭ ಆಯ್ತಲ್ಲ. ಎತ್ತಿ ಬಿಸಾಕಿ."

"ಸಾರ್, ನಮ್ಮ ಕಡೆ ಸತ್ತ ಮಂಗ ಮುಟ್ಟಲ್ಲ ಸಾರ್..."

"ನಿಮ್ಮ ಮೂಢನಂಬಿಕೆಗಳನ್ನ ರಜೆ ದಿನಕ್ಕೆ ಇಟ್ಕೊಳ್ರೀ. ಗಾಡಿ ಕಾಯ್ತಿದೆ."

ಆ ದನಿ ನಿಮ್ಮದೋ ನಿಮ್ಮ ಕಿರಿಯರದೋ ನನಗೆ ತಿಳಿಯದು. ನೋಟಿಸಿನ ಮೇಲಿನ ಸಹಿಯಂತೂ ನಿಮ್ಮದೇ. ಆ ಯಂತ್ರ ತಂದ ದಿನ ಅದರ ಮುಂದೆ ಕುಂಬಳಕಾಯಿ ಒಡೆದು ಕುಂಕುಮ ಸವರಿದವರೂ ನೀವೇ. ಕುಂಬಳಕಾಯಿ ಒಡೆಯುವುದು ವಿಜ್ಞಾನ, ಮಂಗನ ಕಾಯಿಲೆಗೆ ಹೆದರುವುದು ಮೂಢನಂಬಿಕೆ! ಇಷ್ಟು ಸೂಕ್ಷ್ಮವಾದ ಭೇದ ತಿಳಿಯಲು ಯಾವ ಪರೀಕ್ಷೆ ಪಾಸಾಗಬೇಕು ಸ್ವಾಮಿ? ನಮ್ಮ ಕಾಲೇಜಿನಲ್ಲಿ ಆ ಕೋರ್ಸಿಲ್ಲ.

ಬೆಳ್ಳಪ್ಪ ಎತ್ತಿಹಾಕಿದ. ಕೈಗೊಂದು ಗೋಣಿಚೀಲ ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು. ನಾಲಿಗೆ ಹಳಿ ಸರಿದು ಕೂತಿತು. ನಿಮ್ಮ ಪರದೆಯ ಮೇಲೆ 'ದೋಷ ನಿವಾರಣೆಯಾಗಿದೆ' ಎಂದು ಹಸಿರು ಟಿಕ್ಕು ಬಿತ್ತು. ಇಂಗ್ಲಿಷಿನಲ್ಲಿ ಉಣುಗಿಗೂ ಟಿಕ್ ಎಂದೇ ಹೆಸರು. ನಿಮ್ಮ ಟಿಕ್ಕು ನಿಮಗೆ, ಅವನದು ಅವನಿಗೆ. ಪಾಲು ನ್ಯಾಯವಾಗಿಯೇ ಆಯಿತು.

ವಾರ ಕಳೆಯುವುದರೊಳಗೆ ಜ್ವರ ಬಂತು. ಇಳಿಯಿತು, ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಮತ್ತೆ ಏರಿತು, ಈ ಸಲ ತಲೆಗೇ. ಅದೇ ವಾರ ನಿಮ್ಮ ನೋಟಿಸು ಬಂತು: ಗಾಡಿ ತಡವಾದದ್ದಕ್ಕೆ ನೌಕರನ ನಿರ್ಲಕ್ಷ್ಯವೇ ಕಾರಣವೆಂದು ಯಂತ್ರದ ವರದಿಯಿಂದ ಸ್ಪಷ್ಟವಾಗಿದೆ; ಜ್ವರ ಕೆಲಸದಿಂದಲೇ ಬಂದದ್ದೆನ್ನಲು ಆಧಾರವಿಲ್ಲ, ಸ್ವಂತಕ್ಕೆ ಕಾಡಿಗೆ ಸೊಪ್ಪು ತರಲು ಹೋದಾಗ ತಗುಲಿರಬಹುದು. ಹಳಿಗಳ ಉಸ್ತುವಾರಿ ನಿಮಗೆ ಕೊಟ್ಟದ್ದು ಗಾಡಿ ಓಡಿಸಲಿಕ್ಕೆ ಎಂದುಕೊಂಡಿದ್ದೆವು. ನೌಕರರನ್ನು ಹಳಿಯಲಿಕ್ಕೆ ಎಂದು ಈಗ ತಿಳಿಯಿತು. ಅಂದಹಾಗೆ ಬೆಳ್ಳಪ್ಪನ ಮನೆಯಲ್ಲಿ ದನವೂ ಇಲ್ಲ, ತೋಟವೂ ಇಲ್ಲ. ಸೊಪ್ಪು ತಂದು ಯಾರ ಮುಂದೆ ಹಾಕುತ್ತಿದ್ದ, ಹೇಳಿ. ನಿಮ್ಮ ಮುಂದೆಯೇ?

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಸರೋಜ ಹೇಳಿದರು: "ನನ್ನ ಗುರ್ತ ಹಿಡಿಯಲ್ಲ ಸಾರ್. ಆದ್ರೆ ಪಕ್ಕದ ಮಂಚದಲ್ಲಿ ಯಾರ ಫೋನು ಹೊಡ್ಕೊಂಡ್ರೂ ಎದ್ದು ಕೂರ್ತಾರೆ. 'ತೆಗ್ದೆ ಸಾರ್, ತೆಗ್ದೆ' ಅಂತಾರೆ." ನಾನಿದ್ದಾಗಲೂ ಒಂದು ಫೋನು ಹೊಡೆದುಕೊಂಡಿತು. ಅವನು ಎದ್ದು ಕೂತ. ಹಾಗೆಯೇ ಹೇಳಿದ.

ಈ ಪತ್ರವನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ಅದೇ ಗಾಡಿಯಲ್ಲಿ. ಅದೇ ಜಾಗದಲ್ಲಿ ನಿಂತಿದೆ. ಅದೇ ಸಂದಿಯಲ್ಲಿ ಇನ್ನೊಂದು ಮಂಗ ಸತ್ತಿದೆ. ಬೆಳ್ಳಪ್ಪನ ಜಾಗಕ್ಕೆ ಬಂದ ಅಶ್ವಿನ್ ಎಂಬ ಹೊಸಬ ಗೋಣಿಚೀಲ ಹಿಡಿದು ಹೊರಟಿದ್ದ. ತುಂಗಮ್ಮ ಅವನ ರಟ್ಟೆ ಹಿಡಿದು ಬೋಗಿಗೆ ಹತ್ತಿಸಿಕೊಂಡರು. ನಿಮ್ಮ ಕಚೇರಿಯ ಕರೆ ಬಂದಾಗ ಫೋನನ್ನೂ ತಾವೇ ಕಿತ್ತುಕೊಂಡರು.

"ಅವ್ನು ಬರಲ್ಲ ಸ್ವಾಮಿ. ಕಡುಬು ತಿಂತಿದಾನೆ."

"ಯಾರ್ರೀ ನೀವು?"

"ನಾನಾ? ಅಡಚಣೆ."

ಈಗ ನಮ್ಮ ಬೇಡಿಕೆ. ನೋಟಿಸು ಹಿಂತೆಗೆದುಕೊಳ್ಳಿ. ಜ್ವರ ಕೆಲಸದ ಮೇಲೇ ಬಂದದ್ದೆಂದು ಬರೆದುಕೊಡಿ. ನಿಮ್ಮ ಯಂತ್ರಕ್ಕೆ ಇನ್ನೊಂದೇ ಒಂದು ದೋಷ ಕಲಿಸಿ: ಸತ್ತ ಮಂಗ, ಮುಟ್ಟಬೇಡ, ಗಾಡಿ ಕಾಯಲಿ. ಅದಾದ ಮೇಲೆ ತೀರ್ಥಹಳ್ಳಿಗೆ ಬಂದು, ಬೆಳ್ಳಪ್ಪನ ಮಂಚದ ಪಕ್ಕ ನಿಂತು, "ನೀನು ತಡ ಮಾಡಿಲ್ಲ" ಎಂದು ನಿಮ್ಮ ಬಾಯಿಂದಲೇ ಹೇಳಿ. ಹೆಂಡತಿಯ ಮಾತು ಅವನಿಗೆ ಕೇಳಿಸುತ್ತಿಲ್ಲ, ನಿಮ್ಮದು ಕೇಳಿಸೀತು.

ಅಷ್ಟೂ ಆಗದಿದ್ದರೆ ಇಲ್ಲಿಗೇ ಬನ್ನಿ. ಮಂಗ ಬಿದ್ದಲ್ಲೇ ಬಿದ್ದಿದೆ. ಗೋಣಿಚೀಲವೂ ಇದೆ. ನಾವ್ಯಾರೂ ನಿಮ್ಮನ್ನು ತಡೆಯುವುದಿಲ್ಲ.

ಇಂತಿ,
ಇನ್ನೂ ಯಾರೂ ಎತ್ತಿಹಾಕದೆ ಉಳಿದಿರುವ,
ನಿಂತ ಗಾಡಿಯ ಕಿಟಕಿ ಪಕ್ಕದ ಎರಡನೇ ಅಡಚಣೆ